ಆನೆ ಇದ್ದ ಮಾತ್ರಕ್ಕೆ ಟಿಪ್ಪುವಿನದಲ್ಲ: ಅಜ್ಜಿಯ ಕರಡಿಗೆಯ ಮೈಸೂರು ನಾಣ್ಯಗಳು

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಹೋದ ವರ್ಷ ಅಜ್ಜಿ ತೀರಿಕೊಂಡರು. ಹಳೆಯ ಮನೆ ಬಿಚ್ಚುವ ಮೊದಲು ದೇವರ ಕೋಣೆಯ ಹಿತ್ತಾಳೆ ಕರಡಿಗೆ ತೆರೆದಾಗ ಆನೆ ಚಿತ್ರದ ಒಂಬತ್ತು ತಾಮ್ರದ ನಾಣ್ಯ, ಬೇಳೆಕಾಳಿನಷ್ಟು ಸಣ್ಣ ಆರು ಚಿನ್ನದ ತುಣುಕು, ಒಂದು ಬೆಳ್ಳಿ ರೂಪಾಯಿ, ರಾಮ ಸೀತೆಯರ ಚಿತ್ರವಿದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ದಪ್ಪ ನಾಣ್ಯವೊಂದು ಸಿಕ್ಕವು. ಆಮೇಲೆ ಹಿತ್ತಿಲ ಗೋಡೆಗೆ ಪಾಯ ತೆಗೆಯುವಾಗ ಮಣ್ಣಿನ ಕುಡಿಕೆಯಲ್ಲಿ ಇನ್ನೂ ಏಳು ತಾಮ್ರದ ನಾಣ್ಯ ಸಿಕ್ಕಿವೆ. ಮೊಬೈಲ್‌ನಲ್ಲಿ ಚಿತ್ರ ಹಾಕಿದ ಮರುದಿನವೇ ಯಾರೋ ಕರೆ ಮಾಡಿ, ಟಿಪ್ಪುವಿನ ಆನೆ ನಾಣ್ಯ ಒಂದಕ್ಕೆ ಐದು ಲಕ್ಷ, ರಾಮನ ನಾಣ್ಯಕ್ಕೆ ಕೋಟಿ, ಮೊದಲು ನೋಂದಣಿಗೆ 4,500 ರೂಪಾಯಿ ಕಟ್ಟಿ ಎಂದರು. ಚಿಕ್ಕಪ್ಪ ಚಿನ್ನದ ತುಣುಕುಗಳನ್ನು ಕರಗಿಸಿ ತಂಗಿಯ ಮದುವೆಗೆ ತಾಳಿಯ ಗುಂಡು ಮಾಡಿಸೋಣ ಎನ್ನುತ್ತಾರೆ. ಒಂದು ನಾಣ್ಯದ ಮೇಲೆ 1225 ಎಂಬ ಇಸವಿ ಇದೆ ಎಂದು ಪರಿಚಿತರೊಬ್ಬರು ಓದಿದರು. ಹಾಗಾದರೆ ಅದು ಹೊಯ್ಸಳರದೇ? ಅಜ್ಜಿ ಮಾತ್ರ ಇವೆಲ್ಲ ನಾಲ್ವಡಿಯವರ ಕಾಲದವು ಎನ್ನುತ್ತಿದ್ದರು. ಪೊಲೀಸರಿಗೆ ತಿಳಿದರೆ ತೊಂದರೆಯೇ? ಹುಣಸೆಹಣ್ಣು ಹಾಕಿ ತೊಳೆಯಬಹುದೇ?

ಉತ್ತರ: ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಆ 4,500 ರೂಪಾಯಿ ಕಟ್ಟಬೇಡಿ. ಹುಣಸೆಹಣ್ಣು ಮುಟ್ಟಿಸಬೇಡಿ. ಚಿನ್ನ ಕರಗಿಸುವುದನ್ನು ಒಂದು ತಿಂಗಳಾದರೂ ಮುಂದಕ್ಕೆ ಹಾಕಿ ಎಂದು ಚಿಕ್ಕಪ್ಪನವರಿಗೆ ಹೇಳಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ನೀವು ಕಳಿಸಿದ ಚಿತ್ರಗಳಲ್ಲಿ ಒಂಬತ್ತು ಆನೆಗಳಿವೆ, ಆದರೆ ಅವು ಒಬ್ಬನೇ ದೊರೆಯ ಆನೆಗಳಲ್ಲ. ಮೈಸೂರು ಸೀಮೆಯಲ್ಲಿ ಆನೆಯೆಂದರೆ ಟಿಪ್ಪು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಮೂವತ್ತು ವರ್ಷಗಳಿಂದ ನನ್ನ ಮೇಜಿನ ಮೇಲೆ ಆನೆ ನಾಣ್ಯ ತಂದಿಟ್ಟವರಲ್ಲಿ ಹೆಚ್ಚಿನವರು ‘ಟಿಪ್ಪುದು ಸಾರ್’ ಎಂದೇ ಮಾತು ಶುರುಮಾಡಿದ್ದಾರೆ. ಗಂಗರವೆಂದು ಗುರುತಿಸುವ ಗಜಪತಿ ಚಿನ್ನದ ನಾಣ್ಯಗಳಲ್ಲೇ ಆನೆ ಇದೆ. ಒಡೆಯರ ಹಳೆಯ ಸಣ್ಣ ಕಾಸುಗಳಲ್ಲಿ ಆನೆ ಇದೆ. ತಾಮ್ರದ ಪೈಸೆಯ ಮೇಲೆ ಆನೆ ಅಚ್ಚು ಹಾಕಿಸಲು ತೊಡಗಿದ್ದು ಹೈದರಾಲಿ, ತನ್ನ ಕೊನೆಯ ವರ್ಷಗಳಲ್ಲಿ. ಟಿಪ್ಪು ಅದನ್ನು ಎಲ್ಲ ಟಂಕಸಾಲೆಗಳಿಗೂ ಹರಡಿದ. ಅವನ ಸಾವಿನ ನಂತರ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರೂ ಆನೆಯನ್ನು ಬಿಡಲಿಲ್ಲ. ಜನರ ಕೈಗೆ ಪಳಗಿದ ಗುರುತನ್ನು ಅಳಿಸಿದರೆ ಸಂತೆಯಲ್ಲಿ ನಾಣ್ಯ ಓಡುವುದಿಲ್ಲ, ಅಷ್ಟೇ ಕಾರಣ.

ಆದ್ದರಿಂದ ಆನೆಯನ್ನು ಬಿಟ್ಟು ನಾಣ್ಯವನ್ನು ಮಗುಚಿ ಹಾಕಿ. ನಿಮ್ಮಲ್ಲಿ ಎರಡು ಚಿಕ್ಕ, ದಪ್ಪ ಕಾಸುಗಳ ಹಿಂಬದಿಯಲ್ಲಿ ಅಕ್ಷರವೇ ಇಲ್ಲ, ಚೌಕುಳಿ ಗೆರೆಗಳಷ್ಟೇ ಇವೆ. ಅವು ಹೈದರನಿಗಿಂತ ಹಿಂದಿನ ಒಡೆಯರ ಕಾಲದವು. ಇನ್ನು ಮೂರರಲ್ಲಿ ಆನೆಯ ಮೇಲುಗಡೆ ‘ಶ್ರೀ’, ಹಿಂಬದಿಯಲ್ಲಿ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದಿದೆ. ಜೊತೆಗೆ ಇಂಗ್ಲಿಷಿನಲ್ಲಿ ಇಪ್ಪತ್ತು ಕ್ಯಾಶ್ ಎಂದು ರೋಮನ್ ಅಂಕಿಯೂ ಇದೆ. ಇವು ಮುಮ್ಮಡಿಯವರವು, ಅಂದರೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗ. ಹಿಂಬದಿಯಲ್ಲಿ ಪಾರಸಿ ಬರಹವಿರುವ ಉಳಿದ ನಾಲ್ಕು ನಾಣ್ಯಗಳು ನಿಜಕ್ಕೂ ಟಿಪ್ಪುವಿನವು.

ಆ ನಾಲ್ಕರಲ್ಲಿ ಮೂರರ ಮೇಲೆ ‘ಜರಬ್ ಪಟನ್’ ಎಂದಿದೆ. ಜರಬ್ ಎಂದರೆ ಅಚ್ಚು ಹಾಕಿದ್ದು. ಪಟನ್ ಎಂದರೆ ನಿಮ್ಮ ಶ್ರೀರಂಗಪಟ್ಟಣವೇ, ಊರವರ ಬಾಯಿಯ ‘ಪಟ್ಟಣ’ ಪಾರಸಿ ಲಿಪಿಗೆ ಹೋಗಿ ಹಾಗಾಗಿದೆ. ನಾಲ್ಕನೆಯದು ನಗರದ್ದು, ಅಂದರೆ ಬಿದನೂರು. 1763ರಲ್ಲಿ ಕೆಳದಿಯವರಿಂದ ಅದನ್ನು ಕಿತ್ತುಕೊಂಡ ಹೈದರ್ ತನ್ನ ಹೆಸರಿಟ್ಟು ಹೈದರನಗರ ಎಂದು ಕರೆದ. ಈ ಎರಡು ಟಂಕಸಾಲೆಗಳ ತಾಮ್ರ ಇಂದಿಗೂ ಧಾರಾಳವಾಗಿ ಸಿಗುತ್ತದೆ. ಊರುಗಳಿಗೆ ಹೊಸ ಹೆಸರಿಡುವ ಹುಚ್ಚು ಟಿಪ್ಪುವಿಗೆ ಅಪ್ಪನಿಗಿಂತಲೂ ಹೆಚ್ಚು. ಚಿತ್ರದುರ್ಗ ಫರೂಕ್‌ಯಾಬ್ ಹಿಸಾರ್ ಆಯಿತು, ಗುತ್ತಿ ಫೈಜ್ ಹಿಸಾರ್ ಆಯಿತು, ಧಾರವಾಡ ಖುರ್ಷಿದ್ ಸವಾದ್ ಆಯಿತು. ಇಂಥ ಟಂಕಸಾಲೆಯ ಹೆಸರು ಇದ್ದಿದ್ದರೆ ಸಂಗ್ರಾಹಕರು ನಿಮ್ಮ ಮನೆ ಬಾಗಿಲಿಗೆ ಬರುತ್ತಿದ್ದರು.

ಈಗ 1225. ನಿಮ್ಮ ಪರಿಚಿತರು ಓದಿದ್ದು ತಪ್ಪಲ್ಲ, ಅರ್ಥ ಮಾಡಿದ್ದು ತಪ್ಪು. ಅದು ಕ್ರಿಸ್ತಶಕವೂ ಅಲ್ಲ, ಹಿಜರಿಯೂ ಅಲ್ಲ. 1787ರ ಸುಮಾರಿಗೆ ಟಿಪ್ಪು ‘ಮೌಲೂದಿ’ ಎಂಬ ತನ್ನದೇ ಶಕೆಯನ್ನು ಜಾರಿಗೆ ತಂದು, ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ ನಾಣ್ಯದ ಮೇಲೆ ಸಾಮಾನ್ಯ ಕ್ರಮದಲ್ಲಿ ಓದಿದರೆ 5221 ಎಂದು ಕಾಣುತ್ತದೆ. ಬಲದಿಂದ ಓದಿದರೆ 1225. ಅದಕ್ಕೆ 572 ಕೂಡಿಸಿದರೆ 1797. ಇದೇ ಗೊಂದಲದಿಂದ ಎಂಟುನೂರು ವರ್ಷದ ನಾಣ್ಯ ಎಂದು ಮಾರಿದವರನ್ನೂ ಕೊಂಡವರನ್ನೂ ನಾನು ಕಂಡಿದ್ದೇನೆ. ಕೊನೆಯ ಕೆಲವು ವರ್ಷಗಳ ತಾಮ್ರದಲ್ಲಿ ಆನೆಯ ಮೇಲೆ ಒಂದು ಒಂಟಿ ಅಕ್ಷರವೂ ಇರುತ್ತದೆ: ಅಲಿಫ್, ಬೆ, ತೆ, ಸೆ ಎಂದು ವರ್ಷಕ್ಕೊಂದು. ನಿಮ್ಮ ಚಿತ್ರದಲ್ಲಿ ಆನೆಯ ಬೆನ್ನ ಮೇಲೆ ದೋಣಿಯಂತೆ ಕಾಣುವುದು ‘ಬೆ’, 1225ರ ಗುರುತು. ಅಂಕಿ ಸವೆದುಹೋಗಿದ್ದರೂ ಅದೊಂದರಿಂದಲೇ ವರ್ಷ ಹೇಳಬಹುದಿತ್ತು.

ಟಿಪ್ಪುವಿನ ನಾಣ್ಯಗಳ ಹೆಸರುಗಳೇ ಒಂದು ಪ್ರಪಂಚ. ನಾಲ್ಕು ವರಹದ ದೊಡ್ಡ ಚಿನ್ನದ ನಾಣ್ಯ ಅಹಮದಿ, ಎರಡು ರೂಪಾಯಿಯ ಬೆಳ್ಳಿ ಹೈದರಿ, ಒಂದು ರೂಪಾಯಿ ಇಮಾಮಿ. ಚಿನ್ನಬೆಳ್ಳಿಗೆ ಪ್ರವಾದಿ, ಖಲೀಫರು, ಇಮಾಮರ ಹೆಸರು. ತಾಮ್ರಕ್ಕೆ ಮಾತ್ರ ಆಕಾಶ: ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್ ಅಂದರೆ ನಕ್ಷತ್ರ, ಅದರರ್ಧಕ್ಕೆ ಕುತುಬ್ ಅಂದರೆ ಧ್ರುವ. ಎರಡು ಪೈಸೆಯ ದೊಡ್ಡ ತಾಮ್ರ ಮೊದಲು ಮೂರನೆಯ ಖಲೀಫನ ಹೆಸರಿನಲ್ಲಿ ಉಸ್ಮಾನಿ ಆಗಿತ್ತು, ಆಮೇಲೆ ಮುಷ್ತರಿ, ಅಂದರೆ ಗುರು, ಆಯಿತು. ನಿಮ್ಮ ‘ಬೆ’ ನಾಣ್ಯದ ಹಿಂಬದಿಯಲ್ಲಿ ಪಟನ್ ಪಕ್ಕಕ್ಕೆ ಜೊಹ್ರಾ ಎಂಬುದು ಸ್ಪಷ್ಟವಾಗಿದೆ. ನಿಮ್ಮ ಅಜ್ಜಿ ಶುಕ್ರಗ್ರಹವನ್ನು ಕರಡಿಗೆಯಲ್ಲಿಟ್ಟುಕೊಂಡಿದ್ದರು.

ಇನ್ನೊಂದು ಮಾತು ಹಲವರಿಗೆ ನಂಬಲಾಗುವುದಿಲ್ಲ. ಟಿಪ್ಪುವಿನ ಯಾವ ನಾಣ್ಯದಲ್ಲೂ ಟಿಪ್ಪುವಿನ ಹೆಸರಿಲ್ಲ. ಚಿನ್ನದ ಮೇಲೆ ಅಪ್ಪನ ಹೆಸರಿನ ಮೊದಲಕ್ಷರವಾದ ‘ಹೆ’ ಇದೆ. ಹಾಗಾಗಿ ‘ಟಿಪ್ಪು ಸುಲ್ತಾನ್’ ಎಂದು ಹೆಸರು ಕೆತ್ತಿದ, ಹುಲಿಮುಖದ ನಾಣ್ಯವನ್ನು ಯಾರಾದರೂ ತೋರಿಸಿದರೆ ಅದು ಪ್ರವಾಸಿಗರಿಗಾಗಿ ಎರಕ ಹೊಯ್ದದ್ದು. ಅಂಥವನ್ನು ಕೋಟೆಗೇ ಹೋಗಿ ಕೊಂಡು ನನಗೆ ತಂದು ತೋರಿಸಿದವರು ಬಹಳ ಮಂದಿ. ಆ ಮುಖಗಳನ್ನು ನೋಡಿ ಸತ್ಯ ಹೇಳುವುದು ಈ ಕಸುಬಿನ ಅತಿ ಕಷ್ಟದ ಕೆಲಸ.

ಚಿನ್ನದ ತುಣುಕುಗಳ ಕಡೆ ಬರೋಣ, ನಿಮ್ಮ ಕರಡಿಗೆಯ ತಿರುಳು ಇರುವುದು ಅಲ್ಲಿ. ಅವನ್ನು ತುಣುಕು ಎನ್ನಬೇಡಿ, ಅವು ‘ಹಣ’. ಇಂದು ನಾವು ದುಡ್ಡಿಗೆಲ್ಲ ಹಣ ಎನ್ನುತ್ತೇವೆ, ಆದರೆ ಮೂಲದಲ್ಲಿ ಅದು ಒಂದು ನಾಣ್ಯದ ಹೆಸರು. ಪಣ ಎಂಬುದು ಕನ್ನಡದ ಬಾಯಲ್ಲಿ ಹಣವಾಯಿತು, ಇಂಗ್ಲಿಷರ ಬಾಯಲ್ಲಿ ಫನಂ. (ದುಡ್ಡು ಎಂಬುದೂ ತಾಮ್ರದ ನಾಣ್ಯವೊಂದರ ಹೆಸರೇ.) ಹತ್ತು ಹಣಕ್ಕೆ ಒಂದು ವರಹ, ಹಣದ ಅರ್ಧ ಅಡ್ಡ, ಕಾಲು ಹಾಗ. ಒಂದು ಹಣದ ತೂಕ ಸುಮಾರು 0.35 ಗ್ರಾಂ, ಉಸಿರು ಬಿಟ್ಟರೆ ಹಾರಿಹೋಗುವಂಥದ್ದು.

ನಿಮ್ಮ ಆರರಲ್ಲಿ ಐದರ ಮೇಲೆ ಕುಳಿತ ನರಸಿಂಹನಿದ್ದಾನೆ. ಇವು ಕಂಠೀರಾಯ ಹಣ. ರಣಧೀರ ಕಂಠೀರವ ನರಸರಾಜ ಒಡೆಯರು 1645ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ತೆರೆದು ಇವನ್ನು ಹೊರಡಿಸಿದರು. ವಿಜಯನಗರ ಕುಸಿದು ದಿಕ್ಕುದಿಕ್ಕಿನ ನಾಯಕರು ತಾವೇ ದೊರೆಗಳಾಗುತ್ತಿದ್ದ ಕಾಲ ಅದು, ಸ್ವಂತ ಅಚ್ಚು ಹಾಕುವುದೆಂದರೆ ಇನ್ನು ನಾವು ಯಾರ ಅಧೀನರೂ ಅಲ್ಲ ಎಂದು ಸಾರಿದಂತೆ. ಸ್ವಾರಸ್ಯವೆಂದರೆ ‘ಕಂಠೀರಾಯ ವರಹ’ ಎಂಬ ನಾಣ್ಯ ಇರಲೇ ಇಲ್ಲ. ಹತ್ತು ಹಣ ಸೇರಿದರೆ ಒಂದು ಕಂಠೀರಾಯ ವರಹ ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿದ್ದರು, ಅಷ್ಟೇ. ಆ ಲೆಕ್ಕ ಹೈದರ್ ಟಿಪ್ಪುಗಳ ಆಳ್ವಿಕೆಯನ್ನೂ ದಾಟಿ ಬಂತು. 1799ರಲ್ಲಿ ಇಂಗ್ಲಿಷರು ಟಿಪ್ಪುವಿನ ಸೀಮೆಯನ್ನು ಹಂಚಿಕೊಳ್ಳುವಾಗ ಕಂದಾಯದ ಪಟ್ಟಿ ಬರೆದದ್ದು ಕಂಠೀರಾಯ ವರಹದಲ್ಲಿಯೇ. ಐದು ವರ್ಷದ ಮುಮ್ಮಡಿಯವರನ್ನು ಪಟ್ಟಕ್ಕೆ ಕೂರಿಸಿದ ಮೇಲೆ ದಿವಾನ್ ಪೂರ್ಣಯ್ಯನವರು ಮತ್ತೆ ನರಸಿಂಹನ ಹಣವನ್ನೇ ಅಚ್ಚು ಹಾಕಿಸಿದರು. ನೂರೈವತ್ತು ವರ್ಷ ಹಿಂದಿನ ದೊರೆಯ ಹೆಸರಿನಲ್ಲಿ ಹೊಸ ನಾಣ್ಯ! ಆದ್ದರಿಂದ ‘ಕಂಠೀರವ’ ಎಂದಿದೆ, ಹಾಗಾಗಿ 1650ರದ್ದು ಎಂದು ಚಿತ್ರ ನೋಡಿ ಬೆಲೆ ಹೇಳುವವರನ್ನು ನಂಬಬೇಡಿ. ಅಕ್ಷರದ ಕೆತ್ತನೆ, ತೂಕ, ಅಚ್ಚಿನ ಅಗಲ ಇವನ್ನು ಕೈಯಲ್ಲಿ ಹಿಡಿದು ನೋಡಿಯೇ ಹೇಳಬೇಕು.

ಆರನೆಯ ಹಣದ ಮೇಲೆ ದೇವರಿಲ್ಲ, ಒಂದು ಪಾರಸಿ ಅಕ್ಷರವಿದೆ. ಅದೇ ಮೇಲೆ ಹೇಳಿದ ‘ಹೆ’. ಬಿದನೂರು ಗೆದ್ದ ಹೈದರ್ ಅಲ್ಲಿನ ಇಕ್ಕೇರಿ ವರಹದ ಶಿವಪಾರ್ವತಿಯರನ್ನು ಒಂದು ಬದಿಯಲ್ಲಿ ಹಾಗೆಯೇ ಉಳಿಸಿಕೊಂಡು, ಇನ್ನೊಂದು ಬದಿಯಲ್ಲಿ ಈ ಒಂದಕ್ಷರವನ್ನಷ್ಟೇ ಹಾಕಿಸಿದ. ಇದನ್ನು ಧರ್ಮಸಹಿಷ್ಣುತೆ ಎಂದು ಒಬ್ಬರು ಕೊಂಡಾಡುತ್ತಾರೆ, ಕಪಟ ಎಂದು ಇನ್ನೊಬ್ಬರು ಜಗಳ ತೆಗೆಯುತ್ತಾರೆ. ನನಗೆ ಅದರಲ್ಲಿ ಕಾಣುವುದು ನಾಣ್ಯ ಪರೀಕ್ಷಿಸಿ ಬದಲಾಯಿಸಿಕೊಡುವ ಶರಾಫನ ತಕ್ಕಡಿ. ಅಡಕೆ, ಮೆಣಸು ಕೊಳ್ಳುವ ವ್ಯಾಪಾರಿಗೆ ಗೊತ್ತಿದ್ದದ್ದು ಶಿವಪಾರ್ವತಿಯರ ವರಹ. ಅಚ್ಚು ಬದಲಾದರೆ ಶರಾಫ ವಟ್ಟ, ಅಂದರೆ ಬೆಲೆಯಲ್ಲಿ ಕಡಿತ, ಹಿಡಿಯುತ್ತಾನೆ, ನಷ್ಟ ಖಜಾನೆಗೆ. ಟಿಪ್ಪು ದೇವರುಗಳನ್ನು ತೆಗೆದು ಪಾರಸಿ ಬರಹ ತಂದ. ಮುಮ್ಮಡಿಯವರ ಕಾಲದಲ್ಲಿ ಶಿವಪಾರ್ವತಿಯರು ವರಹಕ್ಕೆ ಮರಳಿದರು, ಹಿಂಬದಿಯಲ್ಲಿ ನಾಗರಿ ಲಿಪಿಯ ‘ಶ್ರೀ ಕೃಷ್ಣರಾಜ’ದೊಂದಿಗೆ.

ನಿಮ್ಮ ಬೆಳ್ಳಿ ರೂಪಾಯಿಯೂ ಇದೇ ಕಥೆ ಹೇಳುತ್ತದೆ. ಅದರ ಮೇಲಿನ ಪಾರಸಿ ಬರಹದಲ್ಲಿರುವ ಹೆಸರು ದೆಹಲಿಯ ಎರಡನೆಯ ಷಾ ಆಲಂ ಬಾದಶಹನದು. ಅವನಿಗೆ ಮೈಸೂರಿನ ಮೇಲೆ ಯಾವ ಹಿಡಿತವೂ ಇರಲಿಲ್ಲ, 1806ರಲ್ಲಿ ತೀರಿಯೂ ಹೋದ. ಮೈಸೂರಿನಲ್ಲಿ ಮಾತ್ರ ಅವನ ಹೆಸರಿನ ರೂಪಾಯಿ ಅದಾದ ಮೇಲೂ ಬಹುಕಾಲ ಹೊರಬರುತ್ತಲೇ ಇತ್ತು. ಆ ಬಾದಶಹನ ಹೆಸರಿನಡಿ ‘ಮಹಿಸೂರು’ ಎಂಬ ಟಂಕಸಾಲೆಯ ಹೆಸರು ಇರುವುದರಿಂದ ಇದು ಒಡೆಯರ ರೂಪಾಯಿ ಎಂದು ಗೊತ್ತಾಗುತ್ತದೆ. ನಾಣ್ಯದ ಮೇಲಿನ ಹೆಸರನ್ನೇ ದೊರೆಯ ಹೆಸರೆಂದು ನಂಬಿದವರು ನಮ್ಮ ಸೀಮೆಯ ನಾಣ್ಯಗಳಲ್ಲಿ ಹೆಜ್ಜೆಹೆಜ್ಜೆಗೂ ಎಡವುತ್ತಾರೆ.

ಅಜ್ಜಿಯ ಮಾತು ಅರ್ಧ ಸರಿ. ‘ಕೃಷ್ಣರಾಜರ ಕಾಲದ್ದು’ ಎಂದು ಅವರ ಹಿರಿಯರು ಹೇಳಿದ್ದಿರಬೇಕು, ಮುಮ್ಮಡಿಯವರು ಬಾಯಿಂದ ಬಾಯಿಗೆ ಬರುತ್ತ ನಾಲ್ವಡಿಯವರಾದರು. ನಾಲ್ವಡಿ ಕೃಷ್ಣರಾಜ ಒಡೆಯರು ಚಲಾವಣೆಯ ನಾಣ್ಯ ಹಾಕಿಸಲೇ ಇಲ್ಲ. 1831ರಲ್ಲಿ ಕಂಪನಿ ಸರ್ಕಾರ ಮುಮ್ಮಡಿಯವರಿಂದ ಆಡಳಿತ ಕಿತ್ತುಕೊಂಡಿತು, 1833ರಲ್ಲಿ ಟಂಕಸಾಲೆ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಬೆಂಗಳೂರಿನ ಆ ಹತ್ತು ವರ್ಷಗಳ ತಾಮ್ರದಲ್ಲಿ ಆನೆ ಹೋಗಿ ಸಿಂಹ ಬಂದಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಟಂಕಸಾಲೆ ಮರಳಲಿಲ್ಲ. ಹೈದರಾಬಾದ್ ನಿಜಾಮನ ಸಂಗತಿ ಬೇರೆ. ಕಲಬುರಗಿ, ರಾಯಚೂರು, ಬೀದರಿನ ಹಿರಿಯರು ನಿಜಾಮನ ಹಾಲಿ ಸಿಕ್ಕಾ ರೂಪಾಯಿ ಎಣಿಸಿದವರು, ಅಲ್ಲಿ ಸ್ವಂತ ರೂಪಾಯಿ 1948ರ ನಂತರವೂ ಕೆಲಕಾಲ ನಡೆಯಿತು. ಮೈಸೂರಿನಲ್ಲಿ ನಾಲ್ವಡಿಯವರ ಕಾಲದ ಜನರ ಜೇಬಿನಲ್ಲಿದ್ದದ್ದು ಬ್ರಿಟಿಷ್ ಇಂಡಿಯಾದ ನಾಣ್ಯ. ನಾಲ್ವಡಿಯವರ ಅಥವಾ ಜಯಚಾಮರಾಜರ ‘ನಾಣ್ಯ’ ಎಂದು ಮಾರುವ ವಸ್ತುಗಳು ಪದಕಗಳು, ಇಲ್ಲವೇ ಈಚಿನ ತಯಾರಿಕೆ.

ಇನ್ನು ಕೋಟಿ ಬೆಲೆಯ ರಾಮನ ನಾಣ್ಯ. ಅದು ನಾಣ್ಯವೇ ಅಲ್ಲ, ಪೂಜೆಗೆಂದು ಮಾಡಿದ ಬಿಲ್ಲೆ. 1818ರಲ್ಲಿ ಕಂಪನಿಗೆ ಇಡೀ ದೇಶಕ್ಕೆ ಒಂದೇ ಬಗೆಯ ನಾಣ್ಯವಿರಲಿಲ್ಲ, ಅದು ಬಂದದ್ದು 1835ರಲ್ಲಿ.  ರಾಮ, ಹನುಮಂತ, ಲಕ್ಷ್ಮಿಯರನ್ನು ಕಂಪನಿ ತನ್ನ ಆಣೆಗಳ ಮೇಲೆ ಎಂದೂ ಹಾಕಲಿಲ್ಲ. ಈ ಬಿಲ್ಲೆಗಳು ಅಕ್ಕಿಕಾಳನ್ನು ಸೆಳೆಯುತ್ತವೆ, ಅದರೊಳಗೆ ಅಪರೂಪದ ಲೋಹವಿದೆ ಎಂದು ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಮನೆಮಠ ಕಳೆದುಕೊಂಡವರ ಸುದ್ದಿ ನೀವೂ ಓದಿರುತ್ತೀರಿ. ಅಜ್ಜಿ ಅದಕ್ಕೆ ಕುಂಕುಮ ಹಚ್ಚಿ ಪೂಜಿಸಿದ್ದಾರೆ. ಹಾಗೆಯೇ ದೇವರ ಮನೆಯಲ್ಲಿರಲಿ, ಅದರ ನಿಜವಾದ ಜಾಗ ಅದೇ.

ಕರೆ ಮಾಡಿದವರ ವಿಷಯದಲ್ಲಿ ಅನುಮಾನವೇ ಬೇಡ. ಕೊಳ್ಳುವವನು ಮಾರುವವನಿಂದ ಶುಲ್ಕ ಕೇಳುವುದಿಲ್ಲ. ಇಂಥವರು ರಿಸರ್ವ್ ಬ್ಯಾಂಕಿನ ಮುದ್ರೆಯ ಕಾಗದವನ್ನೂ ಕಳಿಸುತ್ತಾರೆ. ತಾನು ಹಳೆಯ ನಾಣ್ಯ ನೋಟುಗಳ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕೇಳುವುದಿಲ್ಲ ಎಂದು ಆ ಬ್ಯಾಂಕು 2021ರಲ್ಲಿ ಬಹಿರಂಗವಾಗಿ ಎಚ್ಚರಿಸಿದೆ. ಟಿಪ್ಪುವಿನ ಪಟನ್ ಪೈಸೆ ಸಾಧಾರಣ ಸ್ಥಿತಿಯಲ್ಲಿದ್ದರೆ ಅದರ ಬೆಲೆ ನೂರರ ಲೆಕ್ಕ, ಅಂಕಿ ಅಕ್ಷರ ಚೊಕ್ಕಟವಾಗಿದ್ದರೆ ಸಾವಿರದ ಮಾತು. ಲಕ್ಷದ ಲೆಕ್ಕಕ್ಕೆ ಏರುವುದು ಅಪರೂಪದ ಚಿನ್ನ, ದೊಡ್ಡ ಬೆಳ್ಳಿ.

ಈಗ ಕಾನೂನು. ಕರಡಿಗೆಯಲ್ಲಿ ವಂಶದಿಂದ ಬಂದದ್ದನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯಡಿ ಬರುವುದರಿಂದ ಹೊರದೇಶಕ್ಕೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಅಣ್ಣನ ಕೈಯಲ್ಲಿ ನೆನಪಿಗೆಂದು ಎರಡು ಕೊಟ್ಟು ಕಳಿಸುವುದೂ ಇದರಲ್ಲಿ ಸೇರುತ್ತದೆ. ಪಾಯದಲ್ಲಿ ಸಿಕ್ಕ ಏಳು ನಾಣ್ಯಗಳ ದಾರಿಯೇ ಬೇರೆ. ನೆಲದಲ್ಲಿ ಸಿಕ್ಕದ್ದು ನಿಧಿ, ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ತಿಳಿಸಿದವರನ್ನು ಹಿಡಿದು ಹಾಕುತ್ತಾರೆ ಎಂಬುದು ಹಳ್ಳಿಗಳಲ್ಲಿ ಬೇರೂರಿದ ಭಯ, ಶಿಕ್ಷೆ ಇರುವುದು ಮುಚ್ಚಿಟ್ಟವರಿಗೆ. ಎಲ್ಲಿ, ಯಾವ ದಿನ, ಎಷ್ಟು ಆಳದಲ್ಲಿ, ಎಷ್ಟು ಸಿಕ್ಕವು ಎಂದು ಒಂದು ಅರ್ಜಿ ಬರೆದು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಅಲೆದಾಟ ತಪ್ಪಲಾರದು, ಆದರೂ ನಿಮ್ಮ ಚಿತ್ರಗಳು ಈಗಾಗಲೇ ಊರೆಲ್ಲ ಸುತ್ತಿರುವಾಗ ಸುಮ್ಮನಿರುವುದೇ ಹೆಚ್ಚು ಅಪಾಯ. ಈ ಏಳನ್ನು ಕರಡಿಗೆಯವುಗಳೊಂದಿಗೆ ಬೆರೆಸಿಬಿಟ್ಟರೆ ಆಮೇಲೆ ನಿಮ್ಮದು ಯಾವುದು, ನಿಧಿ ಯಾವುದು ಎಂದು ಬಿಡಿಸುವವರಿಲ್ಲ.

ಚಿಕ್ಕಪ್ಪನವರ ಯೋಜನೆಗೆ ಲೆಕ್ಕದಲ್ಲೇ ಉತ್ತರವಿದೆ. ಆರು ಹಣ ಕರಗಿಸಿದರೆ ಸಿಗುವುದು ಸುಮಾರು ಎರಡು ಗ್ರಾಂ, ಅದರಲ್ಲೂ ಅಕ್ಕಸಾಲಿಗರು ಬೆರಕೆ, ಸವಕಳಿ ಎಂದು ಕಳೆಯುತ್ತಾರೆ. ನಾಣ್ಯವಾಗಿಯೇ ಮಾರಿದರೆ ಚಿನ್ನದ ತೂಕದ ಬೆಲೆಗಿಂತ ಹೆಚ್ಚೇ ಬರುತ್ತದೆ. ಕೊಂಡಿ ಬೆಸೆದು ಸರಕ್ಕೆ ಪೋಣಿಸುವ ಆಲೋಚನೆಯೂ ಬೇಡ, ಬೆಸುಗೆ ಬಿದ್ದ ಹಣವನ್ನು ಸಂಗ್ರಾಹಕರು ಮುಟ್ಟುವುದಿಲ್ಲ. ಶುದ್ಧತೆ ತಿಳಿಯಬೇಕಿದ್ದರೆ ಒರೆಗಲ್ಲಿಗೆ ಉಜ್ಜಿಸಬೇಡಿ, ಇಷ್ಟು ತೆಳುವಿನ ನಾಣ್ಯದಲ್ಲಿ ಒಂದು ಗೀರೂ ನರಸಿಂಹನ ಮುಖವನ್ನೇ ಒಯ್ಯುತ್ತದೆ. ದೊಡ್ಡ ಚಿನ್ನದಂಗಡಿಗಳ ಕ್ಯಾರಟ್ ಯಂತ್ರ ಮುಟ್ಟದೆಯೇ ಹೇಳುತ್ತದೆ. ಮಾರುವುದಾದರೆ ನಿಮ್ಮ ಕಣ್ಣೆದುರೇ ತೂಗಿ, ಚಿತ್ರ ತೆಗೆದು, ರಸೀದಿ ಕೊಡುವ ಹರಾಜು ಸಂಸ್ಥೆಯೇ ಮೇಲು. ಅವರು ಕಮಿಷನ್ ಮುರಿದುಕೊಳ್ಳುತ್ತಾರೆ, ದುಡ್ಡು ಕೈಸೇರಲು ತಿಂಗಳುಗಳಾಗುತ್ತವೆ. ಮದುವೆಯ ಖರ್ಚಿಗೆ ಇದನ್ನು ನೆಚ್ಚಿಕೊಳ್ಳಬೇಡಿ. ವರ್ತಕರಿಗೆ ಕೊಟ್ಟರೆ ಅಂದೇ ದುಡ್ಡು, ಆದರೆ ಕಡಿಮೆ. ನನ್ನನ್ನು ಕೇಳಿದರೆ ‘ಹೆ’ ಇರುವ ಹಣವನ್ನೂ ‘ಬೆ’ ಪೈಸೆಯನ್ನೂ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದೆ.

ತೊಳೆಯುವ ಮಾತು. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಸರಿ. ತಾಮ್ರದ ನಾಣ್ಯದ ಮೇಲಿನ ಕಂದು ಪೊರೆ ಕೊಳೆಯಲ್ಲ, ಇನ್ನೂರು ವರ್ಷದಲ್ಲಿ ಲೋಹವೇ ಹೊದ್ದ ಚರ್ಮ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ನಗರದ ಒಂದು ಎರಡು ಪೈಸೆಯನ್ನು ಹುಳಿಯಲ್ಲಿ ನೆನೆಹಾಕಿ ಉಜ್ಜಿದೆ. ಆನೆ ಕೆಂಪಗೆ ಹೊಳೆಯಿತು, ಇಸವಿ ಹೋಯಿತು. ಆ ನಾಣ್ಯ ಇನ್ನೂ ನನ್ನ ಬಳಿ ಇದೆ, ಯಾರಿಗೂ ಬೇಡ. ಕುಡಿಕೆಯ ನಾಣ್ಯಗಳ ಮೇಲೆ ಪುಡಿಪುಡಿಯಾಗಿ ಉದುರುವ ತಿಳಿಹಸಿರು ಇದ್ದರೆ ಅದು ಲೋಹವನ್ನು ತಿನ್ನುವ ರೋಗ. ಅವನ್ನು ಉಳಿದವುಗಳಿಂದ ದೂರವಿಟ್ಟು, ಒಣಗಿದ ಜಾಗದಲ್ಲಿ ಇಡಿ, ಪುರಾತತ್ವ ಇಲಾಖೆಯವರು ಬಂದಾಗ ಹಾಗೆಯೇ ತೋರಿಸಿ. ಕರಡಿಗೆಯವನ್ನು ಒಂದೊಂದಾಗಿ ಬೇರೆಬೇರೆ ಕಾಗದದ ಲಕೋಟೆಯಲ್ಲಿಡಿ. ಮೆತ್ತನೆಯ ಪ್ಲಾಸ್ಟಿಕ್ ಆಲ್ಬಂ ಬೇಡ, ಕೆಲವೇ ವರ್ಷಗಳಲ್ಲಿ ಅದು ಜಿಡ್ಡು ಬಿಟ್ಟು ತಾಮ್ರವನ್ನು ಹಸಿರಾಗಿಸುತ್ತದೆ. ಲಕೋಟೆಯ ಮೇಲೆ ‘ಅಜ್ಜಿಯ ಕರಡಿಗೆ’ ಎಂದೋ ‘ಹಿತ್ತಿಲ ಪಾಯ’ ಎಂದೋ ಪೆನ್ಸಿಲಿನಲ್ಲಿ ಬರೆಯಿರಿ. ಒಡೆದ ಕುಡಿಕೆಯ ಚೂರುಗಳನ್ನು ಇನ್ನೂ ಎಸೆದಿರದಿದ್ದರೆ ಅವನ್ನೂ ಆ ಏಳರ ಜೊತೆಗೇ ಇಡಿ.